ನ್ಯಾಮತಿಯ ಗಿರಣಿಯಲ್ಲಿ ಸೀರೆ ಕೇಳಿದ್ದು

ನಮ್ಮ ಮನೆಯಲ್ಲಿ ಮೋಸ ಹೋದವರಿಗೆ ಏನು ಶಿಕ್ಷೆ ಎಂಬುದು ಮೊದಲೇ ತೀರ್ಮಾನವಾಗಿತ್ತು. ತೀರ್ಮಾನ ಮಾಡಿದವರು ನನ್ನ ಗಂಡ. ನಮ್ಮತ್ತೆಯ ಫೋನಿಗೆ ಒಮ್ಮೆ ‘ನಿಮಗೆ ಕಾರು ಬಹುಮಾನ ಬಂದಿದೆ’ ಎಂದು ಮೆಸೇಜು ಬಂತು. ಅತ್ತೆ ಅದನ್ನು ನಂಬಲಿಲ್ಲ. ಆದರೂ ಯಾವ ಬಣ್ಣದ್ದು ಎಂದು ಕೇಳಿ ವಾಯ್ಸ್ ಮೆಸೇಜು ಕಳಿಸಿಬಿಟ್ಟರು. ಅಲ್ಲಿಂದ ಶುರುವಾದ ಫೋನುಗಳ ಕಾಟ ಒಂದೆರಡು ದಿನಕ್ಕೆ ಮುಗಿಯಲಿಲ್ಲ. ಕೊನೆಗೆ ಒಂದು ಸಂಜೆ ನನ್ನ ಗಂಡ ನಡುಮನೆಯಲ್ಲಿ ನಿಂತು ಪಂಚಾಯ್ತಿ ತೀರ್ಪಿನ ಹಾಗೆ ಹೇಳಿದರು.

“ನೋಡವ್ವ, ಇನ್ನೊಂದ್ ಸಲ ಯಾರಿಗಾದ್ರೂ ಯಾಮಾರಿದ್ರೆ ಈ ಫೋನ್ ನನ್ ಕೈಗೆ ಕೊಟ್ಟುಬಿಡಬೇಕು. ಬಟನ್ ಫೋನ್ ತಂದ್ಕೊಡ್ತೀನಿ. ಮಾತಾಡಾಕೆ ಅಷ್ಟು ಸಾಕು.”

ಅತ್ತೆ ತಲೆಯಾಡಿಸಿದರು. ಆದರೆ ಅವರ ಮುಖ ಇಳಿದಿದ್ದು ನನಗೆ ಕಾಣಿಸಿತು. ಬಟನ್ ಫೋನಿನಲ್ಲಿ ಮುಖ ಕಾಣುವುದಿಲ್ಲ. ಅತ್ತೆಗೆ ಒಬ್ಬಳೇ ತಂಗಿ, ಇರುವುದು ಜಗಳೂರಿನಲ್ಲಿ. ಮಂಡಿನೋವಿನಿಂದ ಆ ತಂಗಿ ಬಸ್ಸು ಹತ್ತುವುದು ನಿಂತು ಎಷ್ಟೋ ಕಾಲವಾಯಿತು. ಹಾಗಾಗಿ ಅಕ್ಕತಂಗಿಯರಿಬ್ಬರೂ ವಿಡಿಯೋ ಕಾಲಿನಲ್ಲೇ ಸಂಸಾರ ಮಾಡುತ್ತಿದ್ದರು. ಮಧ್ಯಾಹ್ನ ಒಮ್ಮೆ, ಸಂಜೆ ಊಟದ ಹೊತ್ತಿಗೆ ಒಮ್ಮೆ. ಹೆಚ್ಚು ಮಾತೂ ಇರುತ್ತಿರಲಿಲ್ಲ. ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿಟ್ಟು ಇವರು ಇಲ್ಲಿ ಅಕ್ಕಿ ಆರಿಸುತ್ತಿದ್ದರು, ಅವರು ಅಲ್ಲಿ ಸೊಪ್ಪು ಬಿಡಿಸುತ್ತಿದ್ದರು. ನಡುನಡುವೆ “ನಿಮ್ ಸೊಪ್ಪು ಎಳೇದೈತೆ ಬಿಡು” ಎಂಬಂಥ ಒಂದು ಮಾತು. ಆ ಫೋನು ಹೋದರೆ ನಮ್ಮತ್ತೆಯ ಅರ್ಧ ದಿನವೇ ಹೋದ ಹಾಗೆ.

ಇನ್ನು ನನ್ನ ಗಂಡನ ವಿಷಯ. ಅವರು ಚನ್ನಗಿರಿಯಲ್ಲಿ ಅಡಿಕೆ ವ್ಯಾಪಾರ ಮಾಡುತ್ತಾರೆ. ತಮ್ಮನ್ನು ಯಾಮಾರಿಸುವವನು ಇನ್ನೂ ಹುಟ್ಟಿಲ್ಲ ಎಂಬುದು ಅವರ ನಂಬಿಕೆ. ಚೀಲದ ಬಾಯಲ್ಲಿ ಎಲ್ಲರೂ ಒಳ್ಳೆ ಅಡಿಕೆಯನ್ನೇ ಇಟ್ಟಿರುತ್ತಾರೆ, ಕೈಯನ್ನು ತಳದವರೆಗೆ ಇಳಿಸಿ ಒಂದು ಹಿಡಿ ತೆಗೆದು ನೋಡಬೇಕು ಎಂಬುದು ಅವರ ಪಾಠ. ಈ ಪಾಠ ನನಗೆ ಮದುವೆಯಾದ ವಾರದಲ್ಲೇ ಆಗಿದೆ. ಅಡಿಕೆಗೆ ಮಾತ್ರ ಅಂದುಕೊಳ್ಳಬೇಡಿ. ತರಕಾರಿ ಬುಟ್ಟಿಗೂ ಅಷ್ಟೇ, ಮದುವೆ ಮನೆಯಲ್ಲಿ ಬೂಂದಿ ಬುಟ್ಟಿಗೂ ಅಷ್ಟೇ. ಬಡಿಸುವವರು ಬೈದರೂ ಬಿಡುವುದಿಲ್ಲ. ನನಗೆ ಎಷ್ಟು ಸಲ ನಾಚಿಕೆಯಾಗಿದೆಯೋ ಲೆಕ್ಕವಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ಅತ್ತೆಯ ಫೋನಿನಲ್ಲಿ ಸೀರೆ ಅಂಗಡಿಯೊಂದು ತಾನಾಗಿಯೇ ಬಾಗಿಲು ತೆರೆಯಿತು. ನೇರಳೆ ಬಣ್ಣ, ಹಸಿರು ಅಂಚು. ಬೆಲೆ ಪೇಟೆಯ ಅರ್ಧವೂ ಇಲ್ಲ. ಅತ್ತೆ ಅದನ್ನು ತಂಗಿಗೆ ಕಳಿಸಿದರು, ತಂಗಿ ಹಿಗ್ಗಿದರು. ಚಿಕ್ಕವರಿದ್ದಾಗ ಇವರ ಅಪ್ಪ ಒಂದೇ ತಾನಿನಲ್ಲಿ ಇಬ್ಬರಿಗೂ ಲಂಗ ಹೊಲಿಸುತ್ತಿದ್ದರಂತೆ. ಮದುವೆಯಾದ ಮೇಲೆ ಒಂದೇ ಥರದ ಬಟ್ಟೆ ಉಟ್ಟಿದ್ದೇ ಇಲ್ಲವಂತೆ. ಈಗ ಉಡಬೇಕು, ಉಟ್ಟು ವಿಡಿಯೋ ಕಾಲ್ ಮಾಡಬೇಕು. ಅತ್ತೆ ಸೆರಗಿನ ಗಂಟು ಬಿಚ್ಚಿ ದುಡ್ಡನ್ನು ನನ್ನ ಮಡಿಲಿಗೆ ಹಾಕಿದರು. ಫೋನಿನಿಂದ ಕಟ್ಟುವ ಕೆಲಸ ನನ್ನದು.

ನಾನು ಡಿಗ್ರಿ ಓದಿದವಳು. ಟೀವಿಯಲ್ಲಿ ಬರುವ ಎಚ್ಚರಿಕೆಗಳನ್ನೆಲ್ಲ ಕೇಳಿದವಳು. ಹಾಗಾಗಿ ಎಲ್ಲವನ್ನೂ ಪರೀಕ್ಷೆ ಮಾಡಿಯೇ ಮುಂದಕ್ಕೆ ಹೋಗೋಣ ಎಂದೆ. ಪರೀಕ್ಷೆ ಹೇಗೆ ನಡೆಯಿತು ಅನ್ನುವುದನ್ನು ಹೇಳಿದರೆ ನನ್ನ ಮರ್ಯಾದೆ ಹೋಗುತ್ತದೆ, ಇರಲಿ.

ಆ ಅಂಗಡಿಯ ಮೇಲ್ಗಡೆ ಒಂದು ಗಡಿಯಾರ ಹಿಂದಕ್ಕೆ ಓಡುತ್ತಿತ್ತು. ಅದು ಮುಗಿದರೆ ಈ ಬೆಲೆ ಇಲ್ಲ ಎಂದು ಬರೆದಿತ್ತು. ನಾವು ಗಾಬರಿಯಾಗಿ ನೋಡುತ್ತಿರುವಾಗಲೇ ಒಲೆಯ ಮೇಲೆ ಹಾಲು ಉಕ್ಕಿತು. ಅದನ್ನು ಇಳಿಸಿ, ಒಲೆ ಒರೆಸಿ, ಚಹಾ ಕುಡಿದು ಬಂದು ಮತ್ತೆ ತೆರೆದರೆ ಗಡಿಯಾರ ಮೊದಲಿನಿಂದ ಓಡಲು ಶುರು ಮಾಡಿತ್ತು. ನನಗೆ ಅನುಮಾನ ಬಂತು. ಅತ್ತೆಗೆ ಕರುಳು ಚುರುಕ್ ಎಂದಿತು.

“ಪಾಪ, ನಮಗೋಸ್ಕರ ಕಾಯ್ತಾ ಅದಾರೆ” ಎಂದರು.

ಕೆಳಗೆ ಕೊಂಡವರ ಅಭಿಪ್ರಾಯಗಳಿದ್ದವು. ಊರು ಬೇರೆ, ಹೆಸರು ಬೇರೆ, ಆದರೆ ಎಲ್ಲರೂ ಅದದೇ ಮಾತಿನಲ್ಲಿ ಹೊಗಳಿದ್ದರು. ಇದೇನು ಹೀಗೆ ಎಂದು ನಾನು ರಾಗ ಎಳೆದೆ. “ಇಷ್ಟು ಜನ ಒಂದೇ ಮಾತು ಹೇಳ್ತಾರೆ ಅಂದ್ರೆ ನಿಜಾನೇ ಇರ್ಬೇಕಲ್ಲವ್ವ” ಎಂದರು ಅತ್ತೆ. ನಾನು ಡಿಗ್ರಿಯನ್ನು ಬದಿಗಿಟ್ಟು ತಲೆಯಾಡಿಸಿದೆ.

ಆಮೇಲೆ ಚೌಕಾಸಿ. ಚೌಕಾಸಿ ಇಲ್ಲದೆ ನಮ್ಮತ್ತೆ ಕೊತ್ತಂಬರಿ ಸೊಪ್ಪನ್ನೂ ತಂದವರಲ್ಲ. ಚನ್ನಗಿರಿ ಪೇಟೆಯಲ್ಲಿ ಸೀರೆ ಕೊಳ್ಳಲು ಹೋದರೆ ಎರಡು ಸಲ ಅಂಗಡಿ ಮೆಟ್ಟಿಲು ಇಳಿಯುವ ನಾಟಕ ಆಡುತ್ತಾರೆ, ಅಂಗಡಿಯವನು ಎರಡು ಸಲ ಕರೆಯುತ್ತಾನೆ, “ಅಸಲೂ ಹುಟ್ಟಲ್ರೀ ಅವ್ವಾರೆ” ಎಂದು ಹಣೆ ಚಚ್ಚಿಕೊಳ್ಳುತ್ತಾನೆ, ಆಮೇಲೆ ಇಬ್ಬರೂ ಖುಷಿಯಾಗಿ ವ್ಯಾಪಾರ ಮುಗಿಸುತ್ತಾರೆ. ಇಲ್ಲಿಯೂ ಎರಡು ಸೀರೆ ತಗೊಂಡರೆ ಎಷ್ಟು ಬಿಡುತ್ತೀರಿ ಎಂದು ನನ್ನಿಂದ ವಾಟ್ಸಾಪಿನಲ್ಲಿ ಬರೆಸಿದರು. ಕೇಳಿದ್ದಕ್ಕಿಂತ ಹೆಚ್ಚೇ ಬಿಟ್ಟು, ಓಕೆ ಮೇಡಂ ಎಂದು ಆ ಕ್ಷಣದಲ್ಲೇ ಉತ್ತರ ಬಂತು. ಸೊಂಟಕ್ಕೆ ಸೆರಗು ಸಿಗಿಸಿಕೊಂಡು ಕೂತಿದ್ದ ಅತ್ತೆಗೆ ಬೇಜಾರಾಯಿತು.

“ಇದೇನವ್ವ, ಒಂದ್ ಮಾತೂ ಎದುರಾಡ್ಲಿಲ್ಲ. ಇವನಿಗೆ ವ್ಯಾಪಾರ ಮಾಡಾಕೇ ಬರಲ್ಲ” ಎಂದರು.

ಅಲ್ಲಿಗೇ ನಿಲ್ಲಿಸಬೇಕಿತ್ತು. ಸೀರೆ ಮನೆಗೆ ಬಂದ ಮೇಲೆ ದುಡ್ಡು ಕೊಡುತ್ತೇವೆ ಎಂದರೆ ಅದಾಗುವುದಿಲ್ಲ, ಮೊದಲೇ ಕಟ್ಟಬೇಕು ಎಂದರು. ನಾನು ಕೈ ಹಿಂದೆಗೆದೆ. ಆಗ ಅತ್ತೆಗೆ ಮಗನ ಪಾಠ ನೆನಪಾಯಿತು. “ತಳಕ್ಕೆ ಹೋಗಿ ನೋಡು” ಎಂದರು. ನಾನು ಬೆರಳಿನಿಂದ ಎಳೆದೆಳೆದು ಆ ಅಂಗಡಿಯ ತಳಕ್ಕೆ ಹೋದೆ. ಅಲ್ಲಿ ಸಣ್ಣ ಅಕ್ಷರದಲ್ಲಿ ವಿಳಾಸವಿತ್ತು. ಯಾವ ಮುಂಬೈಯೋ ಸೂರತ್ತೋ ಅಲ್ಲ, ನಮ್ಮ ಪಕ್ಕದ ನ್ಯಾಮತಿ.

ಮುಗಿಯಿತು. ಅತ್ತೆಯ ತಂಗಿಯ ಗಂಡನ ಕಡೆಯವರು ಯಾರೋ ನ್ಯಾಮತಿಯಲ್ಲಿದ್ದಾರೆ. ಅಂದ ಮೇಲೆ ಅಂಗಡಿಯವನು ಒಂದು ಲೆಕ್ಕದಲ್ಲಿ ನೆಂಟನೇ ಆದ. “ನ್ಯಾಮತಿಯೋರು ನಮಗ್ಯಾಕೆ ಮೋಸ ಮಾಡ್ತಾರೆ” ಎಂದರು ಅತ್ತೆ. ನನಗೂ ಹಾಗೇ ಅನ್ನಿಸಿತು. ದುಡ್ಡು ಕಟ್ಟಿದೆ.

ನಿಮ್ಮ ಸೀರೆ ಹೊರಟಿದೆ ಎಂದು ಒಂದು ಮೆಸೇಜು ಬಂತು. ಆಮೇಲೆ ಅಂಗಡಿ ಮೌನವ್ರತ ಹಿಡಿಯಿತು. ನಾವು ಬರೆದದ್ದು ಅವರಿಗೆ ಮುಟ್ಟಿದ ಗುರುತೇ ಬೀಳದಾಯಿತು. ಫೋನ್ ಮಾಡಿದರೆ ಸ್ವಿಚ್ ಆಫ್. ಜಗಳೂರಿನ ತಂಗಿ ಆಗಲೇ ಹಸಿರು ಬ್ಲೌಸ್ ಹೊಲಿಸಲು ಕೊಟ್ಟಾಗಿತ್ತು. ದಿನಾ ಮಧ್ಯಾಹ್ನ “ಬಂತೇನಕ್ಕ” ಎಂದು ಕೇಳುತ್ತಿದ್ದರು. “ಇವತ್ತು ನಾಳೆ ಬರ್ತದೆ” ಎಂದು ಅತ್ತೆ ಮುಖ ಆಚೆ ತಿರುಗಿಸುತ್ತಿದ್ದರು.

ಇದರ ಮೇಲೆ ನನ್ನ ಗಂಡನ ಕಾಟ ಬೇರೆ. ಸಂಜೆ ಮನೆಗೆ ಬಂದವರೇ ಚಪ್ಪಲಿ ಬಿಡುವ ಮೊದಲು ಕೇಳುವ ಮಾತು ಒಂದೇ. “ಯಾವ್ದಾದ್ರೂ ಪಾರ್ಸೆಲ್ ಬಂತಾ?” ಇವರಿಗೆ ಯಾರು ಹೇಳಿದರು, ಹೇಗೆ ಗೊತ್ತಾಯಿತು ಎಂದು ಅಡುಗೆಮನೆಯಲ್ಲಿ ಗುಸುಗುಸು ಮಾಡಿಕೊಂಡೆವು. ಒಂದು ದಿನವಂತೂ “ಬಂದ್ರೆ ಬಿಚ್ಚಬ್ಯಾಡ್ರಿ, ಹಂಗೇ ನನ್ ಕೈಗೆ ಕೊಡ್ರಿ” ಎಂದರು. ಅತ್ತೆ ಅವತ್ತು ರಾತ್ರಿ ಫೋನನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗಿದರು.

ಆಮೇಲೊಂದು ಭಾನುವಾರ ಅವರು ಸಾಸ್ವೆಹಳ್ಳಿ ಕಡೆ ಯಾರದೋ ಅಡಿಕೆ ನೋಡಬೇಕು ಎಂದು ಬೈಕ್ ಹತ್ತಿ ಹೋದರು. ವಾಪಸು ಬಂದಾಗ ಅಡಿಕೆಯ ಸುದ್ದಿಯೇ ಇಲ್ಲ. ಮುಖ ಗಂಟು ಹಾಕಿಕೊಂಡು, ಕೆಂಪು ದಾರದಲ್ಲಿ ಬಾಯಿ ಕಟ್ಟಿದ ಹಳದಿ ಚೀಲವೊಂದನ್ನು ಅಡುಗೆಮನೆ ಕಟ್ಟೆಯ ಮೇಲೆ ಕುಕ್ಕಿದರು. ಜೋಳದ ಹಿಟ್ಟು. ಮದುವೆಯಾದಾಗಿನಿಂದ ಈ ಮನುಷ್ಯ ತಾನಾಗಿ ಒಂದು ಬೆಂಕಿಪೊಟ್ಟಣ ತಂದವರಲ್ಲ. “ಯಾಕ್ರೀ ಹಿಟ್ಟು?” ಎಂದೆ. “ಚೆನ್ನಾಗಿತ್ತು, ತಂದೆ” ಎಂದರು. ಅವತ್ತಿನಿಂದ ಪಾರ್ಸೆಲ್ ಮಾತು ನಿಂತಿತು. ನಮಗೆ ಇನ್ನೂ ಹೆದರಿಕೆಯಾಯಿತು. ತಲೆಗೆ ಟವೆಲ್ ಸುತ್ತಿಕೊಂಡು ಸುಮ್ಮನೆ ಕೂತಿರುತ್ತಿದ್ದರು. ಆ ಟವೆಲ್ಲೂ ಹೊಸ ಅಭ್ಯಾಸ. ಬಿಸಿಲಿಗೆ ಎನ್ನುತ್ತಿದ್ದರು, ಮನೆಯೊಳಗೆ ಯಾವ ಬಿಸಿಲೋ.

ಅತ್ತೆಯೇ ಮಾತು ತೆಗೆದರು. “ಅಂಗಡಿ ಎಲ್ಲೈತೆ ಅಂತ ಗೊತ್ತೈತಲ್ಲ. ಹೊನ್ನಾಳಿ ದಾಟಿದ್ರೆ ನ್ಯಾಮತಿ. ಹೋಗಿ ಕೈಯಾಗೇ ತಗಂಡು ಬರಾಣ ಬಾ. ಹಂಗೇ ಅಂಚು ಇನ್ನೊಂಚೂರು ದೊಡ್ಡದಿದ್ರೆ ಬದಲಾಯಿಸ್ಕಂಡು ಬರಬೌದು.” ಆನ್‌ಲೈನ್ ಅಂಗಡಿಗೆ ಬಸ್ಸಿನಲ್ಲಿ ಹೋಗುವವರು ನಾವೇ ಇರಬೇಕು ಎಂದುಕೊಂಡೆ. ಅದೂ ತಪ್ಪೆಂದು ಆಮೇಲೆ ಗೊತ್ತಾಯಿತು.

ಹೊನ್ನಾಳಿಯಲ್ಲಿ ಸೀಮಂತ ಇದೆ ಎಂದು ಸುಳ್ಳು ಹೇಳಿದೆವು. ಯಾರದು ಎಂದು ಕೇಳಿದರೆ ಹೇಳಲು ಒಂದು ವಂಶಾವಳಿಯನ್ನೇ ಕಟ್ಟಿಕೊಂಡಿದ್ದೆ. ಅವರು ಕೇಳಲಿಲ್ಲ. “ಹೋಗಿ ಬರ್ರಿ” ಎಂದು ಟವೆಲ್ ಸರಿ ಮಾಡಿಕೊಂಡರು.

ಹೆಂಗಸರಿಗೆ ಫ್ರೀ ಎಂದು ಅತ್ತೆ ಸರ್ಕಾರಿ ಬಸ್ಸನ್ನೇ ಕಾದರು. ಕಣ್ಣೆದುರು ಖಾಲಿ ಪ್ರೈವೇಟ್ ಬಸ್ಸುಗಳು ಹೋದವು, ನನಗೆ ಸಿಟ್ಟು ನೆತ್ತಿಗೇರಿತು. ಕೊನೆಗೆ ಸಿಕ್ಕಿದ್ದರಲ್ಲಿ ಕತ್ತಲಗೆರೆಯವರೆಗೆ ನಿಂತು ಹೋದೆವು. ಹೊನ್ನಾಳಿಯಲ್ಲಿ ಇಳಿದು ಇನ್ನೊಂದು ಬಸ್ಸು. ಅತ್ತೆ ಮಡಚಿಟ್ಟುಕೊಂಡಿದ್ದ ದೊಡ್ಡ ಕೈಚೀಲವನ್ನು ಆಗಾಗ ಸವರುತ್ತಿದ್ದರು. ಸೀರೆ ಸುಕ್ಕಾಗಬಾರದೆಂದು ಅದರೊಳಗೆ ಹಳೆಯ ರಟ್ಟೊಂದನ್ನು ಹಾಕಿದ್ದರು. ಅದನ್ನು ನೋಡಿ ನನ್ನ ಸಿಟ್ಟು ಇಳಿಯಿತು.

ನ್ಯಾಮತಿಯಲ್ಲಿ ಇಳಿದು ವಿಳಾಸ ಕೇಳಿದರೆ ಕೇಳಿಸಿಕೊಂಡವರು ಮುಸಿಮುಸಿ ನಕ್ಕು ಕೈ ತೋರಿಸಿದರು. ಆ ಕೈ ಹೋದ ದಾರಿಯಲ್ಲಿ ಹೋದರೆ ಸಿಕ್ಕಿದ್ದು ಹಿಟ್ಟಿನ ಗಿರಣಿ. ಯಂತ್ರದ ಪಟ್ಟಿ ಗಡಗಡ ತಿರುಗುತ್ತಿತ್ತು. ಬಾಗಿಲಲ್ಲಿ ಒಂದು ಕರಿಹಲಗೆ ತೂಗುಹಾಕಿತ್ತು. ‘ಇಲ್ಲಿ ಸೀರೆ ಇಲ್ಲ. ಚಪ್ಪಲಿ ಇಲ್ಲ. ಮಿಕ್ಸಿ ಇಲ್ಲ. ಹಿಟ್ಟು ಮಾತ್ರ.’ ಅದರ ಕೆಳಗೆ ಹೊಸ ಸೀಮೆಸುಣ್ಣದಲ್ಲಿ ‘ಕೂದಲು ಬರುವ ಎಣ್ಣೆಯೂ ಇಲ್ಲ.’

ನಾನು ಓದಿದೆ. ಅತ್ತೆಯೂ ಓದಿದರು. ಒಳಗಿನಿಂದ ಗಿರಣಿಯ ಯಜಮಾನರು ಬಂದರು, ಹುಬ್ಬಿನವರೆಗೂ ಹಿಟ್ಟು. ನಮ್ಮನ್ನು ಮೇಲಿಂದ ಕೆಳಗೆ ನೋಡಿ, “ಸೀರೇನಾ, ಮಿಕ್ಸೀನಾ?” ಎಂದರು.

ಅತ್ತೆ ಬೆನ್ನು ನೆಟ್ಟಗೆ ಮಾಡಿದರು. “ಹಿಟ್ಟು ಬೀಸ್ಸಾಕೆ ಬಂದೀವಿ.”

“ಕಾಳೆಲ್ಲಿ ಅವ್ವಾರೆ?”

ಅತ್ತೆ ಕೈಚೀಲ ನೋಡಿದರು. ಅದರಲ್ಲಿ ರಟ್ಟು ಮಾತ್ರ ಇತ್ತು.

“ಬಂದೋರೆಲ್ಲ ಮೊದ್ಲು ಹಿಂಗೇ ಅಂತಾರೆ, ಬರ್ರಿ, ಕೂತ್ಕಳ್ರಿ” ಎಂದು ಆತ ಬೆಂಚು ಒರೆಸಿದರು. ಪಟ್ಟಿ ನಿಲ್ಲಿಸಿ, ನೀರು ಕೊಟ್ಟು, ತಮ್ಮ ಕಥೆ ಹೇಳಿದರು. ಯಾವನೋ ಕಳ್ಳ ಎಲ್ಲಿಂದಲೋ ಇವರ ಗಿರಣಿಯ ವಿಳಾಸ ಎತ್ತಿ ಹಾಕಿಕೊಂಡಿದ್ದಾನೆ. ಪೊಲೀಸರಿಗೆ ಹೇಳಿಯಾಗಿದೆ. ಆದರೂ ಜನ ಬರುವುದು ನಿಂತಿಲ್ಲ. “ಒಬ್ರು ಅವ್ವಾರು ನನ್ ಮಾತು ನಂಬ್ಲೇ ಇಲ್ರೀ. ಹಿಟ್ಟಿನ ಡಬ್ಬಿ ಹಿಂದೆ ಸೀರೆ ಬಚ್ಚಿಟ್ಟೀಯ ಅಂತ ಗಿರಣಿ ಎಲ್ಲಾ ಹುಡುಕಿದ್ರು. ಹೋಗಾವಾಗ ಉಟ್ಟ ಸೀರೆ ಪೂರ್ತಿ ಬೆಳ್ಳಗಾಗಿತ್ತು. ನೀವೂ ನಿಮ್ಮೂರಲ್ಲಿ ಕಂಪ್ಲೇಂಟ್ ಕೊಡ್ರಿ.”

ನಾನು ನಗಬೇಕೋ ಅಳಬೇಕೋ ತಿಳಿಯದೆ ಅತ್ತೆಯ ಕಡೆ ತಿರುಗಿದರೆ ಅವರ ಕಣ್ಣಲ್ಲಿ ನೀರು. ದುಡ್ಡಿಗಲ್ಲ ಎಂಬುದು ನನಗೆ ಗೊತ್ತಿತ್ತು.

“ನನ್ ಫೋನ್ ಹೋತು ಬಿಡವ್ವ” ಎಂದರು. “ಅವಳ ಮುಖ ನೋಡದಂಗೆ ನಾನ್ ಹೆಂಗಿರ್ಲಿ? ಅವಳಿಗೂ ಅಷ್ಟೇ, ದಿನಾ ಇಷ್ಟೊತ್ತಿಗೆ ನನ್ ದಾರಿ ಕಾಯ್ತಾ ಕೂತಿರ್ತಾಳೆ.”

ನನಗೆ ಆ ಕಳ್ಳನ ಮೇಲೆ ಬಂದ ಕೋಪಕ್ಕಿಂತ ನನ್ನ ಗಂಡನ ತೀರ್ಪಿನ ಮೇಲೆ ಬಂದ ಕೋಪವೇ ಜಾಸ್ತಿಯಿತ್ತು. ಗಿರಣಿಯವರಿಗೆ ಹೆಂಗಸರು ಅಳುವುದನ್ನು ನೋಡಲಾಗಲಿಲ್ಲ.

“ಅಳಬ್ಯಾಡ್ರವ್ವಾರೆ. ಬಾಳ ಶಾಣ್ಯಾರೇ ಬಂದು ಹೋಗ್ಯಾರೆ. ಹೋದ್ ಭಾನುವಾರ ಒಬ್ರು ಬಂದಿದ್ರು, ಬೈಕ್ ಮ್ಯಾಲೆ. ತಲೆಗೆ ಟವೆಲ್. ಕೂದ್ಲು ಬರೋ ಎಣ್ಣೆಗೆ ದುಡ್ಡು ಕಟ್ಟೀನಿ, ಕೊಡ್ರಿ ಅಂತ. ನಂದು ಗಿರಣಿ ಸ್ವಾಮಿ ಅಂದೆ. ನಂಬಬೇಕಲ್ಲ. ಸೀದಾ ಹೋಗಿ ಜೋಳದ ಚೀಲಕ್ಕೆ ಮೊಣಕೈ ತನಕ ಕೈ ಇಳಿಸಿದ್ರು. ತಳದಿಂದ ಒಂದು ಹಿಡಿ ತೆಗೆದು, ಮೂಸಿ, ಕಚ್ಚಿ ನೋಡಿ, ‘ಜೋಳ ಚೆನ್ನಾಗೈತೆ’ ಅಂದ್ರು. ಬಂದಿದ್ದಕ್ಕೆ ಹಿಟ್ಟು ತಗಂಡು ಹೋದ್ರು.”

ಅತ್ತೆಯ ಅಳು ನಿಂತಿತು. ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ, ನೋಡಿದ್ದರೆ ಅಲ್ಲೇ ನಗು ಒಡೆದುಬಿಡುತ್ತಿತ್ತು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, “ನಮಗೂ ಅದೇ ಹಿಟ್ಟು ಕೊಡ್ರಿ” ಎಂದರು. ಹಳದಿ ಚೀಲದಲ್ಲಿ ತುಂಬಿ ಕೆಂಪು ದಾರ ಕಟ್ಟಿ ಕೊಟ್ಟರು. ಅತ್ತೆ ಅದಕ್ಕೂ ಚೌಕಾಸಿ ಮಾಡಿದರು. ಆತ ಒಂದು ಪೈಸೆ ಬಿಡದೆ ಬಾಯಿ ಜೋರು ಮಾಡಿದರು. ಅತ್ತೆಗೆ ಆಗ ಸಮಾಧಾನವಾಯಿತು. “ಅಂಗಡಿಯೋನು ಅಂದ್ರೆ ಹಿಂಗಿರ್ಬೇಕು” ಎಂದು ದಾರಿಯಲ್ಲಿ ಹೇಳಿದರು.

ಹೊನ್ನಾಳಿಯ ಬಸ್ ಸ್ಟ್ಯಾಂಡಿನಲ್ಲಿ ನಗು ತಡೆಯಲಾಗದೆ ಕೂತು ನಕ್ಕೆವು. ನಾನು ಆಗಲೇ ಮನಸ್ಸಿನಲ್ಲಿ ಮಾತು ಜೋಡಿಸಿಕೊಳ್ಳುತ್ತಿದ್ದೆ. ಇಷ್ಟು ವರ್ಷ ಬೂಂದಿ ಬುಟ್ಟಿಯ ಮುಂದೆ ಪಟ್ಟ ನಾಚಿಕೆಗೆಲ್ಲ ಇವತ್ತು ಬಡ್ಡಿ ಸಮೇತ ತೀರಿಸಬೇಕು. ಅತ್ತೆ ನನ್ನ ಮುಖ ನೋಡಿಯೇ ತಿಳಿದುಕೊಂಡರು.

“ನೀನು ಬಾಯಿ ಬಿಡಬ್ಯಾಡ. ನಾನ್ ಹೇಳ್ತೀನಿ, ಬಿಡು.”

ನನಗೆ ಭಾರಿ ನಿರಾಸೆಯಾಯಿತು. ಆದರೆ ಫೋನು ಅವರದು, ಮಗನೂ ಅವರದೇ.

ಮನೆಗೆ ಬಂದು ಚೀಲವನ್ನು ಕಟ್ಟೆಯ ಮೇಲಿಟ್ಟೆ. ಹಳದಿ ಚೀಲದ ಪಕ್ಕ ಇನ್ನೊಂದು ಹಳದಿ ಚೀಲ, ಅದೇ ಕೆಂಪು ದಾರ. ಒಂದೇ ತಾನಿನ ಎರಡು ಸೀರೆ ಬರಬೇಕಿದ್ದ ಮನೆಗೆ ಒಂದೇ ಗಿರಣಿಯ ಎರಡು ಚೀಲ ಬಂದಿದ್ದವು. ನಾನು ರೊಟ್ಟಿ ಬಡಿದೆ, ಎಣಗಾಯಿ ಪಲ್ಯ ಮಾಡಿದೆ. ನನ್ನ ಗಂಡ ಕೈಕಾಲು ತೊಳೆದು ಊಟಕ್ಕೆ ಕೂತರು. ಅತ್ತೆ ಎದುರಿಗೆ ಕೂತು ಮೊದಲು ತಮ್ಮ ಫೋನನ್ನು ಮಗನ ತಟ್ಟೆಯ ಪಕ್ಕ ಇಟ್ಟರು.

“ತಗಳಪ್ಪ. ಯಾಮಾರಿದ್ರೆ ಕೊಟ್ಟುಬಿಡು ಅಂತ ನೀನೇ ಹೇಳಿದ್ದು. ನಾನ್ ಮೋಸ ಹೋದೆ.”

ಹೇಳಿದರು. ಸೀರೆ, ಗಡಿಯಾರ, ಕಟ್ಟಿದ ದುಡ್ಡು, ಸೀಮಂತದ ಸುಳ್ಳು, ಒಂದನ್ನೂ ಮುಚ್ಚಿಡಲಿಲ್ಲ. ನನ್ನ ಗಂಡ ಗತ್ತಿನಿಂದ ಕೇಳಲು ಶುರು ಮಾಡಿದರು. “ತಳಕ್ಕೆ ಹೋಗಿ ನೋಡ್ಬೇಕಿತ್ತವ್ವ” ಎಂದೂ ಅಂದರು.

“ನೋಡಿದ್ವಲ್ಲ. ತಳದಾಗೆ ನ್ಯಾಮತಿ ಅಂತ ಇತ್ತು” ಎಂದರು ಅತ್ತೆ.

ರೊಟ್ಟಿ ಮುರಿಯುತ್ತಿದ್ದ ಕೈ ನಿಂತಿತು. ಅವರ ಕಣ್ಣು ರೊಟ್ಟಿಯ ಮೇಲಿಂದ ಅಡುಗೆಮನೆಯ ಕಟ್ಟೆಗೆ ಹೋಯಿತು. ಅಲ್ಲಿ ಎರಡು ಚೀಲಗಳೂ ಕಾಣುವ ಹಾಗೆ ನಾನೇ ಬಾಗಿಲಿನಿಂದ ಸ್ವಲ್ಪ ಸರಿದು ನಿಂತೆ. ಬಾಯಿ ಬಿಡಬೇಡ ಎಂದಿದ್ದರೇ ಹೊರತು ಸರಿಯಬೇಡ ಎಂದಿರಲಿಲ್ಲ.

“ಆ ಗಿರಣಿಯೋರು ಬಾಳ ಒಳ್ಳೇರು” ಎಂದರು ಅತ್ತೆ, ಪಲ್ಯ ಕಲಸಿಕೊಳ್ಳುತ್ತ. “ಜೋಳಾನೂ ಚೆನ್ನಾಗೈತೆ.”

ನನ್ನ ಗಂಡನ ಕಿವಿ ಕೆಂಪಾಯಿತು. ಏನೋ ಹೇಳಲು ಬಾಯಿ ತೆರೆದರು, ಅಷ್ಟರಲ್ಲಿ ತಟ್ಟೆಯ ಪಕ್ಕದ ಫೋನು ಹೊಡೆದುಕೊಂಡಿತು. ಜಗಳೂರು. ಯಾರೂ ಮುಟ್ಟಲಿಲ್ಲ. ಹೊಡೆದುಕೊಳ್ಳುತ್ತಲೇ ಇತ್ತು. ಅತ್ತೆಯ ಕೈ ಒಮ್ಮೆ ಎದ್ದು ಮತ್ತೆ ಮಡಿಲಿಗೆ ಬಿತ್ತು.

“ಎತ್ತಪ್ಪ. ಈಗ ಅದು ನಿಂದು” ಎಂದರು.

ಅವರು ಎಡಗೈಯಲ್ಲಿ ಎತ್ತಿದರು. ತೆರೆಯ ಮೇಲೆ ಅವರ ಚಿಕ್ಕವ್ವನ ಮುಖ ಬಂತು. “ಏನೋ, ಮನೆಯಾಗೂ ಟವೆಲ್ಲಾ? ತಲೆನೋವೇನೋ? ಅಕ್ಕ ಎಲ್ಲಿ? ಸೀರೆ ಬಂತಾ ಕೇಳು.”

ಫೋನು ನನ್ನ ಗಂಡನ ಕೈಯಲ್ಲೇ ಇತ್ತು. ಅವರು ಅದನ್ನು ತಾಯಿಯ ಕಡೆ ತಿರುಗಿಸಿದರು.

“ಸೀರೆ ಬರಲ್ಲ ಕಣೆ” ಎಂದರು ಅತ್ತೆ. “ಅಂಗಡಿ ಸುಳ್ಳಂತೆ. ನನ್ ಮಗ ನಮಗಿಂತ ಮೊದ್ಲೇ ನ್ಯಾಮತಿ ತನಕ ಹೋಗಿ, ತಾನೇ ಕೈ ಹಾಕಿ ನೋಡ್ಕಂಡು ಬಂದಾನೆ.”

“ಅಯ್ಯೋ, ಅಷ್ಟು ದೂರ ಹೋಗಿದ್ನಾ ನಮ್ ಸೀರೆ ಸಲುವಾಗಿ?” ಚಿಕ್ಕವ್ವನ ದನಿ ಮೆತ್ತಗಾಯಿತು. “ಹೋಗ್ಲಿ ಬಿಡಕ್ಕ, ಸೀರೆ ಹೋದ್ರೆ ಹೋತು. ಇಂಥ ಮಗ ಯಾರಿಗೈತೆ.”

ನನಗೆ ಒಳಗೊಳಗೇ ಕುದಿಯುತ್ತಿತ್ತು, ನಗುವೂ ಬರುತ್ತಿತ್ತು. ನನ್ನ ಗಂಡ ಮಾತ್ರ ತಲೆ ಎತ್ತಲಿಲ್ಲ. ತಲೆಯ ಟವೆಲ್ ಬಿಚ್ಚಿದರು. ನೆತ್ತಿ ದೀಪದ ಬೆಳಕಿಗೆ ಮಿರಮಿರ ಮಿಂಚಿತು. ಆ ಟವೆಲ್ಲನ್ನು ನಾಲ್ಕು ಮಡಿಕೆ ಮಾಡಿ ತಾಯಿಯ ತಟ್ಟೆಯ ಮುಂದೆ ಇಟ್ಟರು. ಅದರ ಮೇಲೆ ಫೋನು ಜಾರದ ಹಾಗೆ ನಿಲ್ಲಿಸಿ, ನೀರಿನ ಚೊಂಬನ್ನು ಹಿಂದಕ್ಕೆ ಆನಿಸಿದರು. ಆಮೇಲೆ ಒಮ್ಮೆ ಬಗ್ಗಿ, ಇಬ್ಬರಿಗೂ ಮುಖ ಸರಿಯಾಗಿ ಕಾಣುತ್ತಿದೆಯೇ ಎಂದು ನೋಡಿ ರೊಟ್ಟಿ ಮುರಿದರು.